ಬಾಲಿಕೆಯರ ಅಂಗಸಾಧನೆ: ಎಷ್ಟು ಹೊತ್ತು, ಎಂತಹದು?

ಶಾಲೆಯ ವೇಳಾಪತ್ರಿಕೆಯಲ್ಲಿ ಅಂಗಸಾಧನೆಗೆ ಮೀಸಲಾದ ತಾಸನ್ನು ಅನೇಕ ಪಾಲಕರು ಬಿಡುವಿನ ತಾಸೆಂದೇ ಎಣಿಸುವರು. ಗಣಿತದ ಪಾಠ ಹಿಂದುಳಿದರೆ ಮೊದಲು ಕಳೆದುಹೋಗುವುದು ಅದೇ. ಪರೀಕ್ಷೆ ಸಮೀಪಿಸಿದಂತೆ ಹತ್ತನೆಯ ತರಗತಿಯವರಿಗೆ ಆಟದ ಬಯಲು ಕಿಟಕಿಯಿಂದ ನೋಡತಕ್ಕ ವಸ್ತುವಾಗುವುದು. ಹಳೆಯ ವಿದ್ಯಾರ್ಥಿನಿಯರಾದ ನಾವು ಇದನ್ನು ಅನುಭವಿಸಿದವರು. ಈಗ ತಾಯಂದಿರಾಗಿ ಅದನ್ನೇ ನಮ್ಮ ಮಕ್ಕಳಿಗೂ ಮಾಡುತ್ತಿರುವೆವು.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತೆ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2016ರ ಲೆಕ್ಕದಂತೆ ಜಗತ್ತಿನ 11ರಿಂದ 17 ವಯಸ್ಸಿನ ಬಾಲಕರಲ್ಲಿ ನೂರಕ್ಕೆ 78 ಮಂದಿಗೂ ಬಾಲಿಕೆಯರಲ್ಲಿ ನೂರಕ್ಕೆ 85 ಮಂದಿಗೂ ಅಷ್ಟು ಒದಗುತ್ತಿರಲಿಲ್ಲ. ನಮ್ಮ ಕಡೆ ಮೈನೆರೆದ ಹುಡುಗಿ ಓಡಬಾರದು, ಕುಣಿಯಬಾರದು ಎಂದು ಮನೆಯಲ್ಲಿ ಹೇಳುವ ಮಾತು ಇನ್ನೂ ಪೂರ್ತಿ ನಿಂತಿಲ್ಲ. ಅಂಥವಳಿಗೆ ಶಾಲೆಯ ಬಯಲೊಂದೇ ಗತಿ.

ಆದರೆ ತಾಸುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಕೆಲಸವಾಗದು. ಲೆಕ್ಕ ಹಾಕಿ ನೋಡಿರಿ. ನಲವತ್ತು ಹುಡುಗಿಯರು, ಉದ್ದಜಿಗಿತದ ಒಂದೇ ಕುಣಿ, ನಲವತ್ತು ನಿಮಿಷ. ಅರ್ಧ ನಿಮಿಷಕ್ಕೊಬ್ಬಳು ಜಿಗಿದರೆ ಒಬ್ಬೊಬ್ಬಳ ಪಾಲಿಗೆ ಎರಡು ಜಿಗಿತ. ಉಳಿದುದೆಲ್ಲ ಸಾಲಿನಲ್ಲಿ ನಿಲ್ಲುವುದು. ವೇಳಾಪತ್ರಿಕೆಯ ಪ್ರಕಾರ ವ್ಯಾಯಾಮವಾಯಿತು, ಮೈಗೆ ಆಗಲಿಲ್ಲ. ಅದೇ ಹುಡುಗಿಯರನ್ನು ಐದು ಗುಂಪು ಮಾಡಿ, ಒಂದಕ್ಕೆ ಹಗ್ಗ, ಒಂದಕ್ಕೆ ಚೆಂಡು, ಒಂದಕ್ಕೆ ಕುಂಟೆಬಿಲ್ಲೆ ಎಂದು ಹಂಚಿ, ಎಂಟೆಂಟು ನಿಮಿಷಕ್ಕೆ ಸ್ಥಳ ಬದಲಿಸಿದರೆ ಯಾರೂ ನಿಂತಿರಲಾರರು. ಪಾಠದ ಗುಣವನ್ನು ಅಳೆಯಬೇಕಾದುದು ವಾರ್ಷಿಕ ಪಂದ್ಯದಲ್ಲಿ ಬಂದ ಬಟ್ಟಲುಗಳಿಂದಲ್ಲ, ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಓಡುವವಳು ಎಷ್ಟು ನಿಮಿಷ ಓಡಿದಳೆಂಬುದರಿಂದ.

ಖರ್ಚಿನ ಮಾತು ಬಂದರೆ ಖೋ-ಖೋ ಆಟವನ್ನು ನೆನೆಯಬೇಕು. ಎರಡು ಕಂಬ, ಸುಣ್ಣದ ಗೆರೆ, ಇಷ್ಟೇ. ಒಂದು ಪಕ್ಷಕ್ಕೆ ಒಂಬತ್ತು ಮಂದಿಯಂತೆ ಎರಡು ಅಂಕಣಗಳಲ್ಲಿ 36 ಬಾಲಿಕೆಯರು. ಉಳಿದ ನಾಲ್ವರು ನಿರ್ಣಾಯಕರು. ಕುಳಿತವಳೂ ಬೆನ್ನಿಗೆ ಯಾವಾಗ ಕೈ ತಾಗೀತೋ ಎಂದು ಎಚ್ಚರವಾಗಿಯೇ ಇರುವಳು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲನೆಯ ಖೋ-ಖೋ ವಿಶ್ವಕಪ್ಪಿನಲ್ಲಿ ಭಾರತದ ಮಹಿಳೆಯರೇ ಗೆದ್ದರು. ಆ ತಂಡದ ಬಿ. ಚೈತ್ರಾ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರೆಂಬ ಹಳ್ಳಿಯವರು.

ನಮ್ಮ ಸೀಮೆಗೆ ಬೇರೆ ಎರಡು ತೊಡಕುಗಳುಂಟು. ಮೊದಲನೆಯದು ಬಿಸಿಲು. ಏಪ್ರಿಲ್-ಮೇ ತಿಂಗಳುಗಳಲ್ಲಿ ಕಲಬುರಗಿಯ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವವು. ಶಾಲೆಗೆ ಆಗ ರಜೆ; ಆದರೆ ಮಾರ್ಚಿಯ ಬಿಸಿಲೇನು ಕಡಿಮೆಯೇ? ಆ ದಿನಗಳಲ್ಲಿ ನಡುಹಗಲಿಗೆ ಆಟದ ತಾಸನ್ನಿಟ್ಟು, ಹುಡುಗಿಯರಿಗೆ ಉತ್ಸಾಹವಿಲ್ಲವೆನ್ನುವುದು ನ್ಯಾಯವಲ್ಲ. ಪ್ರಾರ್ಥನೆ ಮುಗಿದೊಡನೆಯ ಮೊದಲ ತಾಸನ್ನೇ ಅದಕ್ಕೆ ಕೊಡಬೇಕು, ಕುಡಿಯುವ ನೀರಿನ ಕೊಡ ಬಯಲಿನ ಅಂಚಿನಲ್ಲೇ ಇರಬೇಕು. ಎರಡನೆಯದು ನೆಲ. ನಮ್ಮ ಎರೆಮಣ್ಣು ಮಳೆಯಲ್ಲಿ ಕಾಲಿಗೆ ಅಂಟುವುದು, ಬೇಸಿಗೆಯಲ್ಲಿ ಬಿರಿದು ಕಾಲು ಉಳುಕಿಸುವುದು. ಗರಸು ಹಾಕಿ ರೋಲರ್ ಎಳೆದ ಸಣ್ಣ ಅಂಗಳವು ಬಿರುಕುಬಿಟ್ಟ ದೊಡ್ಡ ಬಯಲಿಗಿಂತ ಮೇಲು.

ಕೆಂಪುಬಾಳೆಗೆ ಹೆಸರಾದ ಕಮಲಾಪುರದ ಕಡೆಯಿಂದ ಬಸ್ಸಿನಲ್ಲಿ ನಗರದ ಶಾಲೆಗೆ ಬರುವ ಬಾಲಿಕೆಯ ಸಂಗತಿಯನ್ನು ಬೇರೆಯಾಗಿ ಯೋಚಿಸಬೇಕು. ಶಾಲೆ ಬಿಟ್ಟ ಮೇಲೆ ಆಟವೆಂದರೆ ಅವಳಿಗೆ ಆಟವಿಲ್ಲವೆಂದೇ ಅರ್ಥ. ಬಸ್ಸು ತಪ್ಪಿದರೆ ತಂದೆ ಮರುದಿನ ಶಾಲೆಯನ್ನೇ ಬಿಡಿಸಿಯಾನು. ಅವಳ ಪಾಲು ಶಾಲೆಯ ಹೊತ್ತಿನೊಳಗೇ ಸಿಗತಕ್ಕದ್ದು.

ಬೇವಿನ ನೆರಳಲ್ಲಿ ಕುಳಿತು ನೋಡುವವಳನ್ನು ಸೋಮಾರಿಯೆಂದು ಗದರಿಸುವ ಮುನ್ನ ವಿಚಾರಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯುಂಟು. ಎರಡು ಸುತ್ತಿಗೇ ಏದುಸಿರು ಬಿಡುವವಳಿಗೆ ಬೇಕಾದುದು ಬೈಗಳಲ್ಲ, ವೈದ್ಯರ ಪರೀಕ್ಷೆ, ಕಬ್ಬಿಣಾಂಶದ ಗುಳಿಗೆ ಮತ್ತು ಮೆಲ್ಲಗೆ ಏರುವ ವ್ಯಾಯಾಮ. ತಿಂಗಳ ಆ ದಿನಗಳಲ್ಲಿ ಆಡುವುದೋ ಬಿಡುವುದೋ ಅವಳ ಇಷ್ಟ. ಕಾರಣವನ್ನು ಎಲ್ಲರೆದುರು ಕೇಳಬಾರದು.

ಇದನ್ನೆಲ್ಲ ಅರಿತು ನಡೆಸಲು ಕವಾಯತಿನ ಸೀಟಿ ಸಾಲದು, ಶಿಕ್ಷಣ ಪಡೆದ ಅಧ್ಯಾಪಿಕೆ ಬೇಕು. 1920ರಲ್ಲಿ ಹ್ಯಾರಿ ಕ್ರೋ ಬಕ್ಕರು ಮದ್ರಾಸಿನಲ್ಲಿ ವೈ.ಎಂ.ಸಿ.ಎ.ಯ ವ್ಯಾಯಾಮ ಶಿಕ್ಷಣ ಕಾಲೇಜನ್ನು ಆರಂಭಿಸಿದ್ದು ಇಂಥ ಶಿಕ್ಷಕರನ್ನು ತಯಾರಿಸಲೆಂದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗೆ ಆಟದ ಬಯಲು ಬೇಕೆಂದು ಹೇಳಿ, 6ರಿಂದ 8ನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ ಮಾತ್ರ, ಅದೂ ಅರೆಕಾಲಿಕ ಶಿಕ್ಷಕರನ್ನು ವಿಧಿಸಿದೆ. ಅರೆಕಾಲದಲ್ಲಿ ಇದಾಗುವ ಕೆಲಸವೆಂದು ನನಗೆ ತೋರುವುದಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ಮಗಳ ಅಂಕಪಟ್ಟಿಯನ್ನು ನೋಡಿದ ಬಳಿಕ, ಈ ವಾರ ಅವಳು ಎಷ್ಟು ನಿಮಿಷ ಓಡಿದಳೆಂದು ಅಧ್ಯಾಪಿಕೆಯವರನ್ನು ಕೇಳಿರಿ; ಸಂಜೆ ಮನೆಯಲ್ಲಿ ಅವಳನ್ನೂ ಕೇಳಿರಿ.