ಟ್ರ್ಯಾಕ್ಟರ್ ನಡೆಸುವ ಮೊದಲು ನಿಲ್ಲಿಸುವುದನ್ನು ಕಲಿಯಿರಿ



ದನಕರುಗಳ ಆರೈಕೆಯ ಬಗ್ಗೆ ಬರೆಯುವ ಪಶುವೈದ್ಯರು ಈ ಸಲ ಟ್ರ್ಯಾಕ್ಟರಿನ ವಿಷಯ ಏಕೆ ಎತ್ತಿದರು ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಹಾನಗಲ್ಲ ಭಾಗದ ಭತ್ತದ ಹುಲ್ಲಿರಲಿ, ಶಿಗ್ಗಾಂವಿ, ಸವಣೂರು ಕಡೆಯ ಜೋಳದ ಕಣಿಕೆ ಇರಲಿ, ಹಿರೇಕೆರೂರಿನ ಗೋವಿನಜೋಳದ ದಂಟಿರಲಿ, ಇಂದು ಬಹುಪಾಲು ಮೇವು ಹೊಲದಿಂದ ಹಿತ್ತಲಿಗೆ ಬರುವುದು ಟ್ರ್ಯಾಕ್ಟರಿನಲ್ಲಿಯೇ. ರಾಶಿ ಮಾಡುವುದಕ್ಕೂ ಮೇವು ಕತ್ತರಿಸುವುದಕ್ಕೂ ಅದರ ಶಕ್ತಿಯೇ ಬೇಕು. ಆದ್ದರಿಂದ ಟ್ರ್ಯಾಕ್ಟರ್ ಈಗ ಹೊಲದಲ್ಲಷ್ಟೇ ಇಲ್ಲ. ಹೆಂಗಸರು, ಮಕ್ಕಳು, ಕರುಗಳು ಓಡಾಡುವ ಅಂಗಳದಲ್ಲಿಯೂ ಇದೆ.

ಹಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಹೊಟ್ಟೆ ಉಬ್ಬರಿಸಿದ ಆಕಳನ್ನು ನೋಡಲು ಹೋಗಿದ್ದೆ. ಅಂಗಳದಲ್ಲಿ ಬಾಡಿಗೆ ಟ್ರ್ಯಾಕ್ಟರಿಗೆ ಮೇವು ಕತ್ತರಿಸುವ ಯಂತ್ರ ಜೋಡಿಸಿದ್ದರು. ಚಾಲಕ ಎಂಜಿನ್ ಚಾಲೂ ಇಟ್ಟು ಪಕ್ಕದ ಮನೆಯ ಕಟ್ಟೆಗೆ ಹೋಗಿದ್ದ. ಮನೆಯ ತಾಯಿ ಕಣಿಕೆಯ ಸೂಡು ಎತ್ತಿಕೊಳ್ಳಲು ತಿರುಗುವ ಶಾಫ್ಟನ್ನು ದಾಟಿದರು. ಸೆರಗು ಸಿಕ್ಕಿತು. ಮಗಳು ಓಡಿ ಬಂದು ಚಾವಿ ತಿರುವಿದಳು. ಎಂಜಿನ್ ನಿಲ್ಲಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿದ್ದ ನನಗೂ ಅದನ್ನು ನಿಲ್ಲಿಸುವುದು ಹೇಗೆಂದು ಗೊತ್ತಿರಲಿಲ್ಲ. ಚಾಲಕ ಓಡಿ ಬಂದು ಒಂದು ಗುಂಡಿಯನ್ನು ಎಳೆದ, ಎಂಜಿನ್ ನಿಂತಿತು. ಸೀರೆ ಹರಿದದ್ದರಿಂದ ಆ ತಾಯಿಯ ಜೀವ ಉಳಿಯಿತು; ತೋಳು ಎರಡು ಕಡೆ ಮುರಿದಿತ್ತು. ಅಂದಿನಿಂದ ನಾನು ಯಾವ ಊರಿಗೆ ಹೋದರೂ ಕೇಳುವ ಪ್ರಶ್ನೆ ಒಂದೇ: ಈ ಟ್ರ್ಯಾಕ್ಟರನ್ನು ನಿಲ್ಲಿಸುವುದು ಮನೆಯಲ್ಲಿ ಯಾರಿಗೆಲ್ಲ ಗೊತ್ತು?

1. ನಿಲ್ಲಿಸುವ ಪಾಠ

ಎತ್ತು ಕೂಗಿದರೆ ನಿಲ್ಲುತ್ತದೆ. ಕಾಲಿಗೆ ಮನುಷ್ಯ ಅಡ್ಡ ಬಿದ್ದರೆ ತಾನಾಗಿಯೇ ತಡೆಯುತ್ತದೆ. ಟ್ರ್ಯಾಕ್ಟರಿಗೆ ಕಿವಿ ಇಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಚಾವಿ ತಿರುವಿದರೆ ಎಂಜಿನ್ ನಿಲ್ಲುವುದಿಲ್ಲ. ಡೀಸೆಲ್ ತಡೆಯುವ ಗುಂಡಿಯನ್ನು ಹೊರಗೆ ಎಳೆದು ಹಿಡಿಯಬೇಕು. ಕೆಲವು ಹೊಸ ಮಾದರಿಗಳಲ್ಲಿ ಚಾವಿಯಿಂದಲೇ ನಿಲ್ಲುತ್ತದೆ. ನಿಮ್ಮ ಟ್ರ್ಯಾಕ್ಟರ್ ಯಾವ ತರಹದ್ದು ಎಂದು ತಿಳಿದುಕೊಂಡು, ನಿಲ್ಲಿಸುವ ಗುಂಡಿಗೆ ಕೆಂಪು ಬಣ್ಣ ಹಚ್ಚಿರಿ. ಮನೆಯ ಹೆಂಗಸರು, ವಯಸ್ಸಾದವರು, ಕೆಲಸದ ಆಳುಗಳು ಎಲ್ಲರೂ ಒಮ್ಮೆ ಕೈಯಾರೆ ನಿಲ್ಲಿಸಿ ನೋಡಲಿ. ಬಾಡಿಗೆ ಟ್ರ್ಯಾಕ್ಟರ್ ಬಂದರೆ ಕೆಲಸ ಶುರುವಾಗುವ ಮೊದಲು ಚಾಲಕನನ್ನು ಕೇಳಿ ತಿಳಿದುಕೊಳ್ಳಿರಿ.

ಚಾಲಕ ಆಸನ ಬಿಟ್ಟು ಇಳಿಯುವ ಮೊದಲು ಗೇರ್ ತೆಗೆಯಬೇಕು, ಕೈ ಬ್ರೇಕ್ ಹಾಕಬೇಕು, ಎತ್ತಿದ ರಂಟೆ ಅಥವಾ ರೋಟಾವೇಟರನ್ನು ನೆಲಕ್ಕೆ ಇಳಿಸಬೇಕು, ಎಂಜಿನ್ ಬಂದ್ ಮಾಡಿ ಚಾವಿ ಕಿಸೆಗೆ ಹಾಕಿಕೊಳ್ಳಬೇಕು. ಯಂತ್ರಕ್ಕೆ ಶಕ್ತಿ ಕೊಡಲು ಎಂಜಿನ್ ಚಾಲೂ ಇರಲೇಬೇಕಾದರೆ ಚಾಲಕ ಅದರ ಹತ್ತಿರ ಬಿಟ್ಟು ಕದಲಬಾರದು.

2. ತಿರುಗುವ ಶಾಫ್ಟ್

ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿ.ಟಿ.ಓ. ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಶಾಫ್ಟ್ 3 ಅಂಗುಲ ದಪ್ಪವಿದ್ದರೆ ಒಂದು ಸೆಕೆಂಡಿನಲ್ಲಿ ಸುಮಾರು 7 ಅಡಿ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. "ಅಯ್ಯೋ" ಎನ್ನುವಷ್ಟರಲ್ಲಿ ಸೆರಗು ಮುಗಿದಿರುತ್ತದೆ. ಕೈಯಿಂದ ಎಳೆದು ಬಿಡಿಸಿಕೊಳ್ಳುವೆನೆಂಬುದು ಸುಳ್ಳು ಧೈರ್ಯ.

ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಬರುತ್ತದೆ. ಅದು ಒಡೆದರೆ ಹಾಗೆಯೇ ಬಿಡಬೇಡಿರಿ, ಹೊಸದು ಹಾಕಿಸಿರಿ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿರಿ, ಹೆರಳನ್ನು ಎತ್ತಿ ಕಟ್ಟಿರಿ. ಗಂಡಸರು ಕೊರಳಿನ ವಲ್ಲಿ ತೆಗೆದಿಡಲಿ, ಧೋತರವನ್ನು ಎತ್ತಿ ಕಟ್ಟಲಿ. ಶಾಫ್ಟನ್ನು ದಾಟಬೇಡಿರಿ, ಟ್ರ್ಯಾಕ್ಟರಿನ ಮುಂದಿನಿಂದ ಸುತ್ತು ಹಾಕಿ ಹೋಗಿರಿ. ಮೇವು ಅಥವಾ ತೆನೆ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡರೆ ಕೈಯಿಂದಾಗಲಿ ಕಾಲಿನಿಂದಾಗಲಿ ತಳ್ಳದೆ, ಎಂಜಿನ್ ನಿಲ್ಲಿಸಿ, ಚಕ್ರ ಪೂರ್ತಿ ನಿಂತ ಮೇಲೆ ತೆಗೆಯಿರಿ. ರಾಶಿ ಯಂತ್ರಗಳಿಂದ ಕೈ ಕಳೆದುಕೊಂಡವರು ಹೆಚ್ಚಾದದ್ದರಿಂದಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂದಿತು. ಕಾಯ್ದೆ ಇದ್ದರೂ ನಮ್ಮ ಕೈ ಕಾಯುವವರು ನಾವೇ.

3. ಆಸನ ಒಂದು, ಆಳು ಒಬ್ಬ

ಮಡ್‌ಗಾರ್ಡ್ ಕೂಡುವ ಜಾಗವಲ್ಲ. ತಗ್ಗಿಗೆ ಚಕ್ರ ಇಳಿದು ಒಂದು ಕುಲುಕು ಬಂದರೆ ಅಲ್ಲಿ ಕುಳಿತವರು ಬೀಳುವುದು ದೊಡ್ಡ ಚಕ್ರದ ಮುಂದೆಯೇ. "ಮಗ ಹಟ ಮಾಡಿದ, ಒಂದು ಸುತ್ತು ಕೂಡಿಸಿಕೊಂಡೆ" ಎಂಬ ಮಾತು ಆಮೇಲೆ ಉಪಯೋಗಕ್ಕೆ ಬರುವುದಿಲ್ಲ. ಮಗು ಅತ್ತರೆ ಅಳಲಿ. ಚಾಲಕನನ್ನು ಬಿಟ್ಟು ಬೇರೆಯವರನ್ನು ಟ್ರ್ಯಾಕ್ಟರಿನ ಮೇಲೆ ಕೂಡಿಸಿಕೊಳ್ಳುವುದನ್ನು ವಾಹನ ನಿಯಮಗಳೂ ಒಪ್ಪುವುದಿಲ್ಲ. ಅಪಘಾತವಾದಾಗ ವಿಮೆಯ ಪರಿಹಾರಕ್ಕೂ ತೊಡಕಾಗುತ್ತದೆ. ಅಂಗಳದಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಾಗ ಚಾಲಕ ಮೊದಲು ಇಳಿದು ಹಿಂದೆ ನೋಡಿ ಬರಲಿ. ಕರು ಬಿಚ್ಚಿಕೊಂಡಿರಬಹುದು, ಮಗು ಟ್ರೇಲರಿನ ನೆರಳಿನಲ್ಲಿ ಆಡುತ್ತಿರಬಹುದು.

4. ಮಗುಚುವುದು ಹೇಗೆ?

ಟ್ರ್ಯಾಕ್ಟರ್ ಪಕ್ಕಕ್ಕೂ ಮಗುಚುತ್ತದೆ, ಹಿಂದಕ್ಕೂ ಮಗುಚುತ್ತದೆ. ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡು ಸಾಕು. ಜಿಗಿಯಲು ಸಮಯ ಸಿಗುವುದಿಲ್ಲ. ಮಳೆಗಾಲದಲ್ಲಿ ಎರೆ ಹೊಲದಲ್ಲಿ ಚಕ್ರ ಹುಗಿದಾಗ ಅದಕ್ಕೆ ಅಡ್ಡ ಕಟ್ಟಿಗೆ ಕಟ್ಟಿ ಮುಂದಕ್ಕೆ ಎಳೆಯುವವರಿದ್ದಾರೆ. ಇದು ಬಹಳ ಅಪಾಯ. ಕಟ್ಟಿಗೆ ಆತು ಚಕ್ರ ತಿರುಗದಿದ್ದರೆ ಟ್ರ್ಯಾಕ್ಟರಿನ ಮೈಯೇ ಮೇಲೆದ್ದು ಹಿಂದಕ್ಕೆ ಬೀಳುತ್ತದೆ. ಅದರ ಬದಲು ಟ್ರೇಲರ್ ಬಿಚ್ಚಿ, ಚಕ್ರದ ಹಿಂದಿನ ಕೆಸರು ತೆಗೆದು, ನಿಧಾನವಾಗಿ ಹಿಂದಕ್ಕೆ ಬನ್ನಿರಿ. ಭಾರ ಎಳೆಯುವಾಗ ಸರಪಳಿಯನ್ನು ಕೆಳಗಿನ ಎಳೆಯುವ ಪಟ್ಟಿಗೆ ಮಾತ್ರ ಹಾಕಿರಿ, ಅದಕ್ಕಿಂತ ಮೇಲೆ ಎಲ್ಲಿಯೂ ಬೇಡ.

ಕೆರೆ ಏರಿ, ಕಾಲುವೆ ದಂಡೆ, ಗದ್ದೆಯ ಒಡ್ಡುಗಳ ಹತ್ತಿರ ಒಂದು ಲೆಕ್ಕ ಇಟ್ಟುಕೊಳ್ಳಿರಿ: ತಗ್ಗು ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ದಂಡೆಯಿಂದ ಒಳಗೆ ಇರಬೇಕು. ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಮಗುಚಿಸುವ ಬಲ ನಾಲ್ಕು ಪಟ್ಟಾಗುತ್ತದೆ. ಹೊಲದಲ್ಲಿ ತಿರುಗಿಸಲೆಂದು ಎಡ, ಬಲ ಬ್ರೇಕುಗಳನ್ನು ಬೇರೆ ಬೇರೆ ಕೊಟ್ಟಿರುತ್ತಾರೆ. ರಸ್ತೆಗೆ ಬರುವ ಮೊದಲು ಎರಡೂ ಪೆಡಲ್ ಕೂಡಿಸುವ ಚಿಲಕ ಹಾಕಿರಿ. ಇಲ್ಲದಿದ್ದರೆ ಅವಸರದಲ್ಲಿ ಒಂದೇ ಬ್ರೇಕ್ ಬಿದ್ದು ಟ್ರ್ಯಾಕ್ಟರ್ ಉರುಳುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗೇರ್ ತೆಗೆದು ಬಿಡುವ ಚಾಳಿ ಬೇಡ.

5. ಮೇವಿನ ಹೇರು

ಒಣ ಮೇವು ಹಗುರ ಎಂದು ಆಕಾಶದಷ್ಟು ಎತ್ತರ ಹೇರಬೇಡಿರಿ. ಎತ್ತರದ ಹೇರು ತಿರುವಿನಲ್ಲಿ ವಾಲುತ್ತದೆ, ಜೋತುಬಿದ್ದ ವಿದ್ಯುತ್ ತಂತಿಗೂ ತಾಗುತ್ತದೆ. ಹೇರಿನ ಮೇಲೆ ಯಾರೂ ಕುಳಿತು ಬರಬಾರದು. ತಂತಿ ತಾಗಿದರೆ ಚಾಲಕ ಆಸನದಲ್ಲಿಯೇ ಕುಳಿತು ಇತರರನ್ನು ದೂರ ಸರಿಸಿ, ವಿದ್ಯುತ್ ಬಂದ್ ಮಾಡಿಸಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಟ್ರ್ಯಾಕ್ಟರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ದೂರ ಜಿಗಿಯಬೇಕು. ಆಮೇಲೆ ಪಾದ ಅಗಲಿಸದೆ ಸಣ್ಣ ಹೆಜ್ಜೆ ಇಡುತ್ತ ಸರಿಯಬೇಕು.

ಶಿಗ್ಗಾಂವಿ ತಾಲೂಕಿನಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಮುಂದೆ ಬರುತ್ತದೆ. ಹಿಂಬದಿ ದೀಪವಿಲ್ಲದ ಹೇರು ಅದರ ಚಾಲಕನ ಕಣ್ಣಿಗೆ ಬೀಳುವಷ್ಟರಲ್ಲಿ ತಡೆಯಲು ಜಾಗ ಉಳಿದಿರುವುದಿಲ್ಲ. ಟ್ರೇಲರಿಗೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಹಾಕಿಸಿರಿ. ಮೇವು ಜೋತುಬಿದ್ದು ಅವು ಮುಚ್ಚದಂತೆ ಕಟ್ಟಿರಿ. ಸಾಧ್ಯವಾದಷ್ಟು ಹಗಲು ಹೊತ್ತಿನಲ್ಲಿಯೇ ಸಾಗಿಸಿರಿ.

6. ಅಪಘಾತವಾದರೆ

ಮೊದಲು ಎಂಜಿನ್ ನಿಲ್ಲಿಸಿರಿ, ಆಮೇಲೆ ಮನುಷ್ಯನನ್ನು ಮುಟ್ಟಿರಿ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಡದೆ ಒತ್ತಿ ಹಿಡಿಯಿರಿ. ಅರಿಸಿನ, ಕಾಫಿಪುಡಿ, ಸುಣ್ಣ ಹಚ್ಚಬೇಡಿರಿ. ಬೆರಳು ತುಂಡಾಗಿದ್ದರೆ ಅದನ್ನು ಶುಚಿಯಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ರೋಗಿಯ ಜೊತೆಗೇ ಒಯ್ಯಿರಿ. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಾಗಬಾರದು. ಕೂಡಲೇ 108ಕ್ಕೆ ಕರೆ ಮಾಡಿರಿ.

ನೆನಪಿನಲ್ಲಿಡಿ

* ನಿಲ್ಲಿಸುವ ಗುಂಡಿ ಮನೆಯ ಎಲ್ಲರಿಗೂ ಗೊತ್ತಿರಲಿ.
* ಶಾಫ್ಟಿಗೆ ಕವಚ ಇರಲಿ, ಅದನ್ನು ದಾಟಬೇಡಿರಿ.
* ಚಾಲಕನ ಹೊರತು ಯಾರೂ ಹತ್ತಬಾರದು.
* ರಸ್ತೆಯಲ್ಲಿ ಬ್ರೇಕಿನ ಚಿಲಕ, ಹಿಂದೆ ಕೆಂಪು ದೀಪ.

ನಾಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಂದು ಕೆಲಸ ಮಾಡಿರಿ. ಮನೆಯವರನ್ನೆಲ್ಲ ಟ್ರ್ಯಾಕ್ಟರಿನ ಹತ್ತಿರ ಕರೆದು, ನಿಲ್ಲಿಸುವ ಗುಂಡಿಯನ್ನು ಒಬ್ಬೊಬ್ಬರ ಕೈಯಿಂದ ಎಳೆಸಿರಿ. ಐದು ನಿಮಿಷದ ಪಾಠ. ಅಂದು ಆ ಅಂಗಳದಲ್ಲಿ ನನಗೆ ಬಾರದೇ ಹೋದ ಪಾಠ ಇದೇ.