ಕಾರ್ಖಾನೆಯ ಬಾಗಿಲ ಹಲಗೆ

ತುರುವೇಕೆರೆ ಸೀಮೆಯ ನಾರಿನ ಮಿಲ್ಲೊಂದರ ಹೆಬ್ಬಾಗಿಲ ಬಳಿ, ಮಟ್ಟೆಯ ರಾಶಿಗೂ ಗೋಡೆಗೂ ನಡುವೆ ಮರೆಯಾಗಿ ತೂಗುತ್ತಿದ್ದ ಸೂಚನಾ ಹಲಗೆಯನ್ನು, ಅಲ್ಲಿ ದುಡಿಯುವ ನಡುವಯಸ್ಸಿನ ತಾಯಿಯೊಬ್ಬರು ನನ್ನ ಕೋರಿಕೆಯ ಮೇರೆಗೆ ಸೆರಗಿನಿಂದ ಒರೆಸಿದಾಗ, ಕಂದುಬಣ್ಣದ ನಾರಿನ ಹುಡಿಯ ಕೆಳಗಿನಿಂದ ಕೂಲಿದರಗಳ ಪಟ್ಟಿಯೊಂದು ಮೆಲ್ಲನೆ ಗೋಚರಿಸಿತು. ಅದರ ಅಡಿಯಲ್ಲಿದ್ದ ತಾರೀಖು ಮೂರು ವರ್ಷಗಳಷ್ಟು ಹಿಂದಿನದು. “ಅಲ್ಲಿ ಬರೆದಷ್ಟು ಕೊಡ್ತಾವ್ರೆ ಸ್ವಾಮಿ, ಇನ್ನೇನು ಕೇಳಾನ?” ಎಂದು ಆಕೆ ಆಡಿದ ಮಾತು ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಬರಿಯ ಗೋಡೆಯಾಗಿದ್ದರೆ ಆಕೆ ನಾಲ್ಕು ಜನರನ್ನು ವಿಚಾರಿಸಿಯಾದರೂ ತಿಳಿಯುತ್ತಿದ್ದರು. ಹಳೆಯ ಕಾಗದವು ವಿಚಾರಿಸುವ ಅವಶ್ಯಕತೆಯೇ ಇಲ್ಲವೆಂಬ ನಂಬಿಕೆಯನ್ನು ಆಕೆಯಲ್ಲಿ ಬೇರೂರಿಸಿತ್ತು.

ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದೊಡನೆ ಸೇರುವ ವ್ಯತ್ಯಸ್ಥ ತುಟ್ಟಿಭತ್ಯೆಯು ಬೆಲೆ ಸೂಚ್ಯಂಕವನ್ನನುಸರಿಸಿ ಪ್ರತಿವರ್ಷ ಏಪ್ರಿಲ್ 1ರಿಂದ ಪರಿಷ್ಕೃತವಾಗುವುದರಿಂದ, ದರಪಟ್ಟಿಯೊಂದರ ಆಯುಷ್ಯವು ಒಂದು ಸಂವತ್ಸರವನ್ನು ಮೀರಲಾರದು. ಇದಲ್ಲದೆ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಕೇಂದ್ರ ಕಾಯಿದೆಗಳು ಅವುಗಳಲ್ಲಿ ಲೀನವಾದ ಮೇಲೆ, 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆ ಎಂಬ ಶಿರೋನಾಮೆಗಳನ್ನು ಹೊತ್ತ ಸಾರಾಂಶಗಳೂ ಬದಲಾಗಬೇಕಾಗಿದೆ. ವೇತನ ಸಂಹಿತೆಯ 50ನೆಯ ಪ್ರಕರಣದಂತೆ ಸಂಹಿತೆಯ ಸಾರಾಂಶ, ವರ್ಗವಾರು ಕೂಲಿಯ ದರ, ವೇತನದ ಅವಧಿ, ಬಟವಾಡೆಯ ದಿನ ಹಾಗೂ ವೇಳೆ, ಆ ಸೀಮೆಗೆ ಅಧಿಕಾರವುಳ್ಳ ನಿರೀಕ್ಷಣಾಧಿಕಾರಿಯ ಹೆಸರು ಮತ್ತು ವಿಳಾಸ, ಇವಿಷ್ಟೂ ಎಲ್ಲರ ಕಣ್ಣಿಗೆ ಬೀಳುವ ಸ್ಥಳದಲ್ಲಿರತಕ್ಕದ್ದು. ವರ್ಗವಾಗಿ ಹೋದ ಅಧಿಕಾರಿಯ ಹೆಸರೇ ಹಲಗೆಯ ಮೇಲೆ ಉಳಿದಿದ್ದರೆ ದೂರು ಕೊಡುವವನು ಯಾರ ಬಾಗಿಲನ್ನು ತಟ್ಟಬೇಕು?

ಹಳೆಯ ಕಾರ್ಖಾನೆಗಳ ಕಾಯಿದೆಯ 108ನೆಯ ಪ್ರಕರಣವು ಸೂಚನೆಗಳು ಇಂಗ್ಲಿಷಿನಲ್ಲಿಯೂ ಬಹುಸಂಖ್ಯಾತ ಕೆಲಸಗಾರರು ಅರಿಯುವ ಭಾಷೆಯಲ್ಲಿಯೂ ಇರಬೇಕೆಂದು, ಹೆಬ್ಬಾಗಿಲ ಸಮೀಪದಲ್ಲಿ ಶುಚಿಯಾಗಿ, ಓದಲು ಬರುವಂತೆ ಇರಬೇಕೆಂದು ವಿಧಿಸಿತ್ತು. ಆ ವಿವೇಕವನ್ನು ಇಂದಿಗೂ ಬಿಡಲಾಗದು. ತಿಪಟೂರಿನ ಕಾಯಿಪುಡಿ ಕಾರ್ಖಾನೆಯೊಂದರಲ್ಲಿ ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದವರೇ ಹೆಚ್ಚಾಗಿದ್ದ ಪಕ್ಷದಲ್ಲಿ, ಕನ್ನಡದ ಹಾಳೆಯ ಪಕ್ಕದಲ್ಲಿ ಅವರ ಭಾಷೆಯದನ್ನೂ ತೂಗುಹಾಕುವುದು ಮಾಲೀಕನಿಗೆ ಭೂಷಣ.

ನಮ್ಮ ಕಡೆಯ ದುಡಿಮೆಯಲ್ಲಿ ವಿಶೇಷವಾಗಿ ಗಮನಿಸಬೇಕಾದುದೊಂದುಂಟು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿ, ಕುಲುಕಿದರೆ ಒಳಗೆ ಉಂಡೆ ಕೊಬ್ಬರಿ ಸದ್ದು ಮಾಡುವ ಕಾಯಿಯನ್ನು ಇಳಿಸಿ ಸುಲಿಯುವವರಿಗೆ, ಚಿಪ್ಪೊಡೆದು ಕೊಬ್ಬರಿ ತೆಗೆಯುವವರಿಗೆ ಸಾವಿರಕ್ಕಿಷ್ಟು ಎಂದು ಕೂಲಿ ಕಟ್ಟುವುದೇ ರೂಢಿ. ತುಂಡುಗೆಲಸವಾದ್ದರಿಂದ ಕನಿಷ್ಠ ವೇತನದ ಮಾತೇ ಇಲ್ಲವೆಂಬ ಭಾವನೆ ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿನವರೆಗೆ ಹಬ್ಬಿದೆ. ಇದು ತಪ್ಪು. ತುಂಡುಗೆಲಸಕ್ಕೆ ಪ್ರತ್ಯೇಕ ಕನಿಷ್ಠ ದರವಿಲ್ಲದೆ ಕಾಲಾನುಸಾರ ದರ ಮಾತ್ರ ನಿಗದಿಯಾಗಿದ್ದಲ್ಲಿ, ಅದಕ್ಕಿಂತ ಕಡಿಮೆ ಕೊಡಕೂಡದೆಂದು ಸಂಹಿತೆಯ 12ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಬೇಸಾಯಕ್ಕೆಂದು ಐವರಿಗಿಂತ ಹೆಚ್ಚಿಲ್ಲದಷ್ಟು ಆಳುಗಳನ್ನಿಟ್ಟುಕೊಂಡ ತೋಟದವರಿಗೆ ಹಲಗೆ ತೂಗುವ ಕಟ್ಟಳೆಯಿಂದ ವಿನಾಯಿತಿಯುಂಟು. ಕನಿಷ್ಠ ವೇತನ ಕೊಡುವ ಹೊಣೆಯಿಂದಲ್ಲ. ಕೊಬ್ಬರಿ ಮಂಡಿಯವರಿಗೆ ಆ ವಿನಾಯಿತಿಯೂ ಸಲ್ಲದು.

ಸ್ತ್ರೀಯರು ಕೆಲಸ ಮಾಡುವ ಪ್ರತಿಯೊಂದು ವಿಭಾಗದಲ್ಲಿಯೂ ಹೆರಿಗೆ ಸೌಲಭ್ಯದ ಸಾರಾಂಶವು ಸ್ಥಳೀಯ ಭಾಷೆಯಲ್ಲಿರಬೇಕು. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವಳಿಗೆ ಸಂಬಳಸಹಿತ 26 ವಾರಗಳವರೆಗಿನ ರಜೆಯುಂಟೆಂಬುದು ಅಲ್ಲಿ ಕಾಣಬೇಕು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯು ಸಂಹಿತೆಗಳಲ್ಲಿ ಸೇರದೆ ಪ್ರತ್ಯೇಕವಾಗಿಯೇ ನಿಂತಿದ್ದು, ಹತ್ತು ಅಥವಾ ಹೆಚ್ಚು ಜನರಿರುವೆಡೆಗಳಲ್ಲಿ ಆಂತರಿಕ ಸಮಿತಿಯ ನೇಮಕದ ಆದೇಶವನ್ನೂ ದಂಡನೆಯ ವಿವರವನ್ನೂ ಪ್ರದರ್ಶಿಸಬೇಕು. ಸಮಿತಿಯ ಸದಸ್ಯೆಯೊಬ್ಬರು ಕೆಲಸ ಬಿಟ್ಟುಹೋದ ದಿನವೇ ಆ ಹಾಳೆಯೂ ಹಳತಾಯಿತೆಂದು ತಿಳಿಯಬೇಕು.

ಹಲಗೆ ಹಳತಾಗಿದ್ದರೆ ಕೆಲಸಗಾರನು ಮೊದಲು ಅದರ ಫೋಟೋ ತೆಗೆದಿಟ್ಟುಕೊಂಡು, ಹೊಸ ದರಪಟ್ಟಿಯನ್ನು ತೂಗುಹಾಕುವಂತೆ ಮಾಲೀಕನನ್ನು ಬರವಣಿಗೆಯಲ್ಲಿ ಕೇಳುವುದು ಒಳಿತು; ಫಲಿಸದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರನ್ನು ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಕಡಿಮೆ ಸಂದ ಕೂಲಿಗೆ ಮೂರು ವರ್ಷಗಳೊಳಗೆ ಹಕ್ಕುಸಾಧನೆಯ ಅರ್ಜಿ ಹಾಕಬಹುದು. ಕೂಲಿಯೇ ಬಂದಿಲ್ಲವೆಂಬ ದೂರಾದರೆ, ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಭಾರ ಮಾಲೀಕನ ಮೇಲೆಯೇ ಇದೆ. ಆ ತಾಯಿಗೆ ಇದನ್ನೆಲ್ಲ ತಿಳಿಸಿದಾಗ ಆಕೆ ಮಗನ ಮೊಬೈಲಿನಲ್ಲಿ ಹಲಗೆಯ ಫೋಟೋ ತೆಗೆಸಿಕೊಂಡು, ತಾರೀಖು ಸ್ಪಷ್ಟವಾಗಿ ಬಿದ್ದಿದೆಯೇ ಎಂದು ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡರು.