ಶುದ್ಧ ಕುಡಿಯುವ ನೀರಿನ ಘಟಕ: ರಚನೆ, ನಿರ್ವಹಣೆ ಮತ್ತು ಖರ್ಚು

ಹೇಮಾವತಿ ನದಿಯು ಗೊರೂರು ಅಣೆಕಟ್ಟೆಯನ್ನು ದಾಟಿ ಹೊಳೆನರಸೀಪುರದ ಮಗ್ಗುಲಲ್ಲೇ ಹರಿಯುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಇದೆ. ಆದರೆ ಹೊಳೆ, ನಾಲೆಗಳಿಂದ ದೂರವಿರುವ ಹಾಸನ ಮತ್ತು ಚನ್ನರಾಯಪಟ್ಟಣದ ಕಡೆಯ ಅನೇಕ ಊರುಗಳು ಕೊಳವೆ ಬಾವಿಯನ್ನೇ ನಂಬಿವೆ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಘಟಕಗಳು ಇಲ್ಲಿನ ರೈತರಿಗೆ ಪರಿಚಿತ. ಇದೇ ಯಂತ್ರದಿಂದ ಹೊಲದ ಸವಳು ನೀರನ್ನೂ ಸಿಹಿ ಮಾಡಬಹುದೇ ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡೋಣ.

ಕೆಲಸ ಮಾಡುವ ರೀತಿ

ಬೇರಿನ ತೆಳು ಪೊರೆಯ ಮೂಲಕ ನೀರು, ಲವಣ ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ತಾನಾಗಿ ಹರಿಯುತ್ತದೆ. ಘಟಕದಲ್ಲಿ ಒತ್ತಡ ಹಾಕಿ ಇದನ್ನು ಹಿಮ್ಮುಖ ಮಾಡುತ್ತಾರೆ. ನೀರು ಪೊರೆಯನ್ನು ದಾಟುತ್ತದೆ. ಲವಣದ ಬಹುಭಾಗ ಹಿಂದೆ ಉಳಿಯುತ್ತದೆ. ಪೊರೆಗೆ ಮುಂಚೆ ಮರಳಿನ ಸೋಸುಕ, ಇದ್ದಿಲಿನ ಸೋಸುಕ ಮತ್ತು 5 ಮೈಕ್ರಾನಿನ ಸಣ್ಣ ಸೋಸುಕ ಇರಬೇಕು. ಕ್ಲೋರಿನ್ ಪೊರೆಯನ್ನು ಕೆಡಿಸುತ್ತದೆ. ಇದ್ದಿಲು ಅದನ್ನು ತಡೆಯುತ್ತದೆ. ಗಡಸು ನೀರಿದ್ದರೆ ಪಾತ್ರೆಯಲ್ಲಿ ಕಟ್ಟುವಂತೆಯೇ ಪೊರೆಯ ಮೇಲೂ ಬಿಳಿ ಕರೆ ಕಟ್ಟುತ್ತದೆ. ಇದಕ್ಕೆ ಕರೆ ತಡೆಯುವ ರಾಸಾಯನಿಕ ಬೆರೆಸಬೇಕು.

ಖರ್ಚಿನ ಲೆಕ್ಕ

ಗಂಟೆಗೆ 1000 ಲೀಟರ್ ಶುದ್ಧ ನೀರು ಕೊಡುವ ಘಟಕಕ್ಕೆ, ಅರ್ಧ ನೀರು ಹೊರಬೀಳುವುದಾದರೆ, 2000 ಲೀಟರ್ ಒದಗಿಸಬೇಕು. 150 ಮೀಟರ್ ಆಳದಿಂದ ಎತ್ತುವುದೂ ಸೇರಿ ಸುಮಾರು 3 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ 8 ರೂ. ಹಿಡಿದರೆ ಕ್ಯಾನಿಗೆ ಸುಮಾರು 50 ಪೈಸೆ.

ದಿನಕ್ಕೆ 200 ಕ್ಯಾನ್ ಹೋಗುವ ಊರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕ್ಯಾನಿಗೆ 5 ರೂ. ಆದರೆ ತಿಂಗಳಿಗೆ 30,000 ರೂ. ಬರುತ್ತದೆ. ವಿದ್ಯುತ್ತಿಗೆ 3,000, ನೋಡಿಕೊಳ್ಳುವವರ ಸಂಬಳ 12,000, ಸೋಸುಕ ಮತ್ತು ರಾಸಾಯನಿಕಕ್ಕೆ 4,000 ರೂ. ಕಳೆದರೆ 11,000 ರೂ. ಉಳಿಯುತ್ತದೆ. ಇದು ಲಾಭವಲ್ಲ, ಪೊರೆ ಮತ್ತು ಪಂಪು ಬದಲಿಸಲು ಬೇರೆ ಖಾತೆಯಲ್ಲಿಡಬೇಕಾದ ಹಣ. ಕ್ಯಾನಿಗೆ 2 ರೂ. ಆದರೆ ಬರುವ 12,000 ರೂ. ಸಂಬಳಕ್ಕೇ ಮುಗಿಯುತ್ತದೆ. ಬೇರೆ ಅನುದಾನವಿಲ್ಲದಿದ್ದರೆ ಮೊದಲ ರಿಪೇರಿಗೇ ಬಾಗಿಲಿಗೆ ಬೀಗ ಬೀಳುತ್ತದೆ.

ಇನ್ನು ಹೊಲದ ಮಾತು. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು ಒಂದು ಲಕ್ಷ ಲೀಟರ್. ಇದಕ್ಕೆ ಈ ಘಟಕ 100 ಗಂಟೆ ಓಡಬೇಕು. ಇನ್ನೊಂದು ಲಕ್ಷ ಲೀಟರ್ ಹೊರಬೀಳುತ್ತದೆ. ಆದ್ದರಿಂದ ಇದು ಕುಡಿಯುವ ನೀರಿಗೆ ಮಾತ್ರ ತಕ್ಕದ್ದು.

ಹೊರಬೀಳುವ ನೀರು

ಲೀಟರಿಗೆ 1200 ಮಿಲಿಗ್ರಾಂ ಲವಣವಿರುವ ನೀರನ್ನು ಹೀಗೆ ಶುದ್ಧಿ ಮಾಡಿದರೆ ಹೊರಬೀಳುವ ನೀರಿನಲ್ಲಿ ಸುಮಾರು 2340 ಮಿಲಿಗ್ರಾಂ ಇರುತ್ತದೆ. ಇದರ ವಿದ್ಯುತ್ ವಾಹಕತೆ ಸುಮಾರು 3.7 ಡೆಸಿಸೀಮನ್ಸ್, ಅಂದರೆ ಹಿಂದಿನ ಲೆಕ್ಕದ ಮಿಲಿಮೋ. ಆಲೂಗೆಡ್ಡೆಗೆ ಕೊಡುವ ನೀರು 1.1, ಹುರುಳಿಕಾಯಿಗೆ 0.7 ದಾಟಿದರೆ ಇಳುವರಿ ಇಳಿಯತೊಡಗುತ್ತದೆ. ತೆಂಗು ಲವಣವನ್ನು ಇವುಗಳಿಗಿಂತ ಹೆಚ್ಚು ತಡೆಯುತ್ತದೆ. ಆದರೂ ಒಳ್ಳೆಯ ನೀರು ಬೆರೆಸದೆ ಒಂದೇ ಜಾಗಕ್ಕೆ ವರ್ಷವಿಡೀ ಬಿಡಬಾರದು. ಫ್ಲೋರೈಡ್, ನೈಟ್ರೇಟ್ ಇದ್ದರೆ ಅವೂ ಈ ನೀರಿನಲ್ಲಿ ಹೆಚ್ಚುತ್ತವೆ, ದನಕರುಗಳಿಗೆ ಕುಡಿಸಬೇಡಿ. ಕೆರೆಗೆ, ಹಳೆಯ ಬಾವಿಗೆ ಬಿಡುವುದೂ ಬೇಡ. ಶೌಚಾಲಯಕ್ಕೆ, ವಾಹನ ತೊಳೆಯಲು ಬಳಸಬಹುದು.

ಗಮನಿಸಬೇಕಾದ ಅಂಶಗಳು

1. ಘಟಕ ಹಾಕುವ ಮುನ್ನ ನೀರಿನ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದ (2012) ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಲವಣ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 2000ದವರೆಗೆ ಆಗಬಹುದು. ನೈಟ್ರೇಟ್ 45 ಮೀರಬಾರದು. ಫ್ಲೋರೈಡ್ 1.0, ಹೆಚ್ಚೆಂದರೆ 1.5.
2. ಇವು ಮಿತಿಯೊಳಗಿದ್ದು ಕ್ರಿಮಿಗಳಷ್ಟೇ ತೊಂದರೆಯಾದರೆ ಕ್ಲೋರಿನ್ ಸಾಕು, ಪೊರೆ ಬೇಡ.
3. ಪ್ರತಿದಿನ ಒತ್ತಡ, ಶುದ್ಧ ನೀರಿನ ಪ್ರಮಾಣ ಮತ್ತು ಲವಣಾಂಶ ಬರೆದಿಡಿ. ನೀರು ಇಳಿದರೆ ಕರೆ ಕಟ್ಟಿದೆಯೆಂದು, ಲವಣ ಏರಿದರೆ ಪೊರೆ ಕೆಟ್ಟಿದೆಯೆಂದು ಶಂಕಿಸಿ ತೋರಿಸಬೇಕು.

ಯಂತ್ರ ಕೊಳ್ಳುವುದು ಒಂದು ದಿನದ ಕೆಲಸ. ಅದನ್ನು ನಡೆಸುವ ಲೆಕ್ಕದ ಪುಸ್ತಕ ಊರಿನ ಕೈಯಲ್ಲಿ ಇರಬೇಕು.